ಉದ್ಯಾನದ ಒಂದು ಮೂಲೆಗಾದರೂ ಪೊರಕೆ ಬೇಡ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಉದ್ಯಾನದಲ್ಲಿ ಈಚೆಗೆ ಹೊಂಗೆ ಮರಗಳ ಕೆಳಗಿನ ತರಗೆಲೆಯನ್ನೆಲ್ಲ ಗುಡಿಸಿ, ಚೀಲಗಳಲ್ಲಿ ತುಂಬಿ ಕಸದ ಲಾರಿಗೆ ಏರಿಸಿದರು. ಅದೇ ವಾರ ಅದೇ ಮರಗಳ ಬುಡಕ್ಕೆಂದು ಒಂದು ಟ್ರ್ಯಾಕ್ಟರ್ ಗೊಬ್ಬರ ಬಂದಿಳಿಯಿತು. ಎರಡಕ್ಕೂ ಬಿಲ್ಲಾಗಿರುತ್ತದೆಂದು ಬೇರೆ ಹೇಳಬೇಕಿಲ್ಲ.

ಬೆಂಗಳೂರಿನ ಉದ್ಯಾನಗಳಿಗೆ ಪ್ರತಿವರ್ಷ ಅಕ್ಟೋಬರ್ ಸುಮಾರಿಗೆ ಉತ್ತರದ ಕಾಡುಗಳಿಂದ ನವರಂಗ ಹಕ್ಕಿ ವಲಸೆ ಬರುತ್ತದೆ. ಅದು ಮರದ ಮೇಲಿಗಿಂತ ನೆಲದ ಮೇಲೇ ಹೆಚ್ಚು ಓಡಾಡುತ್ತ, ಕೊಕ್ಕಿನಿಂದ ಒಣಗಿದ ಎಲೆಗಳನ್ನು ಒಂದೊಂದಾಗಿ ಮಗುಚಿ ಅಡಿಯಲ್ಲಿರುವ ಹುಳುಗಳನ್ನು ಹೆಕ್ಕುತ್ತದೆ. ಗುಡಿಸಿ ಬೋಳಾದ ನೆಲದಲ್ಲಿ ಅದಕ್ಕೇನು ಸಿಕ್ಕೀತು? 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನವನ್ನಾಗಲಿ, 240 ಎಕರೆಯ ಲಾಲ್‌ಬಾಗನ್ನಾಗಲಿ ಒತ್ತುವರಿಯಿಂದ ಕಾಪಾಡಲು 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಇದೆ. ಪೊರಕೆಯಿಂದ ಕಾಪಾಡುವ ಕಾಯ್ದೆ ಮಾತ್ರ ಇನ್ನೂ ಬಂದಿಲ್ಲ.

ಪ್ರತಿ ಉದ್ಯಾನದಲ್ಲೂ ಒಂದು ಭಾಗವನ್ನು ಸಹಜವಾಗಿ ಬೆಳೆಯಲು ಬಿಡಬೇಕೆಂಬುದು ನನ್ನ ಕೋರಿಕೆ. ಬಿಡುವುದೆಂದರೆ ಕೈಬಿಡುವುದಲ್ಲ. ಕೈಬಿಟ್ಟ ಜಾಗವನ್ನು ಮೊದಲ ಮಳೆಗೇ ಕಾಂಗ್ರೆಸ್ ಗಿಡವೂ ಹಿಂದೆಯೇ ಲಂಟಾನವೂ ಆಕ್ರಮಿಸುತ್ತವೆ. ಲಂಟಾನ ಹೂವಿನ ಮೇಲೆ ಚಿಟ್ಟೆಗಳು ಕೂರುವುದನ್ನು ತೋರಿಸಿ ಅದನ್ನು ಸಮರ್ಥಿಸುವವರಿದ್ದಾರೆ, ಆದರೆ ಆ ಚಿಟ್ಟೆಗಳ ಮರಿಹುಳುಗಳಿಗೆ ಬೇಕಾದ ಮೇವು ಕಕ್ಕೆ, ಅತ್ತಿ, ಈಶ್ವರಿ ಬಳ್ಳಿಗಳಂಥ ಸ್ಥಳೀಯ ಗಿಡಗಳ ಎಲೆಯಲ್ಲಿದೆಯೇ ಹೊರತು ಲಂಟಾನದಲ್ಲಿಲ್ಲ. ಅದನ್ನು ಮೇಲ್ಮಟ್ಟದಲ್ಲಿ ಸವರಿದರೆ ಇನ್ನಷ್ಟು ದಟ್ಟವಾಗಿ ಚಿಗುರುತ್ತದೆ. ಮಣ್ಣಿನೊಳಗೆ ಒಂದೆರಡು ಅಂಗುಲ ಕೆಳಗೆ ಬೇರನ್ನು ಕಡಿದು, ಬುಡ ಮೇಲಾಗುವಂತೆ ಮಗುಚಿ ಒಣಗಿಸಬೇಕು. ಪಿಕಳಾರ ಹಕ್ಕಿಗಳು ಲಂಟಾನದ ಹಣ್ಣು ತಿಂದು ಬೀಜ ಬೀಳಿಸುವ ಮರಗಳ ಕೆಳಗೆ ಮುಂದಿನ ಎರಡು ಮೂರು ಮಳೆಗಾಲ ಸಸಿಗಳನ್ನು ಕೀಳುತ್ತಲೇ ಇರಬೇಕು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತರಷ್ಟೇ ಪ್ರಯೋಜನ. ತೆರವಾದ ಜಾಗದಲ್ಲಿ ಮರಗಳನ್ನಷ್ಟೇ ನೆಟ್ಟು ಫೋಟೊ ತೆಗೆಸಿಕೊಳ್ಳದೆ, ಪೊದೆ, ಬಳ್ಳಿ, ಹುಲ್ಲುಗಳನ್ನೂ ಎಬ್ಬಿಸಿ, ಕನಿಷ್ಠ ಎರಡು ಬೇಸಿಗೆ ನೀರುಣಿಸಬೇಕು. ಆಮೇಲೆ ಅವು ಹುಲ್ಲುಹಾಸಿನಂತೆ ದಿನವೂ ನೀರು ಕೇಳುವುದಿಲ್ಲ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಬೇಕಾಗಿ ಬಂದ ಊರಿದು.

ಹಾವು ಬರುತ್ತದೆಂದು ಹಿರಿಯರು ಆತಂಕಪಡುವುದು ಸಹಜವೇ. ನಡೆದಾಡುವ ದಾರಿಯ ಎರಡೂ ಬದಿ ಒಂದು ಮಾರು ಅಗಲಕ್ಕೆ ಹುಲ್ಲು ಕತ್ತರಿಸಿಟ್ಟು, ತಿಂದುಳಿದದ್ದನ್ನು ಎಸೆದು ಇಲಿ ಸಾಕುವುದನ್ನು ನಿಲ್ಲಿಸಿದರೆ ಆ ಆತಂಕ ಬಹುಮಟ್ಟಿಗೆ ತಗ್ಗುತ್ತದೆ. ಇನ್ನು ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಒಣ ತರಗೆಲೆಯಲ್ಲಲ್ಲ, ನಾವೇ ಬಿಸಾಡಿದ ಚಹಾ ಕಪ್ಪು, ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರಿನಲ್ಲಿ. ಗುಡಿಸಬೇಕಾದದ್ದು ಅವನ್ನು.

ನಿರ್ವಹಣೆಯ ಟೆಂಡರುಗಳಲ್ಲಿ ಸಾಮಾನ್ಯವಾಗಿ ಕೆಲಸವನ್ನು ಅಳೆಯುವುದು ಗುಡಿಸಿದ, ಕತ್ತರಿಸಿದ ಲೆಕ್ಕದಲ್ಲಿ. ಎಲೆಯನ್ನು ಹಾಗೇ ಬಿಟ್ಟ ಮಾಲಿ ಮೈಗಳ್ಳನೆನಿಸಿಕೊಳ್ಳುತ್ತಾನೆ. ಸಂಬಂಧಪಟ್ಟವರು ಮುಂದಿನ ಟೆಂಡರಿನಲ್ಲಿ ಗುಡಿಸಬಾರದ ಜಾಗವನ್ನು ನಕ್ಷೆಯಲ್ಲೇ ಗುರುತಿಸಿ, ಕಳೆ ಕೀಳುವುದನ್ನೂ ಸ್ಥಳೀಯ ಸಸಿ ಬೆಳೆಸುವುದನ್ನೂ ಕೂಲಿ ಕೊಡುವ ಕೆಲಸವೆಂದು ಸೇರಿಸಬೇಕೆಂದು ವಿನಂತಿಸುತ್ತೇನೆ. ಮುಂಗಾರಿಗೆ ಮುನ್ನ ಆರಂಭಿಸಿದರೆ ಬರುವ ಅಕ್ಟೋಬರಿನ ಹೊತ್ತಿಗೆ ನೆಲದ ಮೇಲೆ ನಾಲ್ಕು ಬೆರಳು ಎಲೆಯಾದರೂ ಕೂತಿರುತ್ತದೆ.

— ಒಬ್ಬ ಓದುಗ, ಬೆಂಗಳೂರು