ಮೊದಲ ಬಾಡಿಗೆ ಮನೆ ಹುಡುಕುತ್ತಿರುವ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಪಿ.ಜಿ. ಬಿಟ್ಟು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಬಾಡಿಗೆ ಮನೆ ಹಿಡಿಯಲು ಹೊರಟಿರುವವರು ತಿಂಗಳ ಬಾಡಿಗೆಯನ್ನಷ್ಟೇ ನೋಡದೆ, ಬೀಗದ ಕೈ ಪಡೆಯುವ ದಿನ ಕೈಯಲ್ಲಿರಬೇಕಾದ ಮೊತ್ತವನ್ನು ಮೊದಲು ಲೆಕ್ಕ ಹಾಕಬೇಕೆಂದು ಕೋರುತ್ತೇನೆ. ಉದಾಹರಣೆಗೆ, 14,000 ರೂಪಾಯಿ ಬಾಡಿಗೆಗೆ ಐದು ತಿಂಗಳ ಅಡ್ವಾನ್ಸ್ ಎಂದರೆ 70,000 ರೂಪಾಯಿ. ಅದರ ಮೇಲೆ ಮೊದಲ ತಿಂಗಳ ಬಾಡಿಗೆ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಮತ್ತು 2,000 ರೂಪಾಯಿ ಮೆಂಟೆನೆನ್ಸ್ ಸೇರಿದರೆ ಒಂದು ಲಕ್ಷವಾಗುತ್ತದೆ. ಗ್ಯಾಸ್, ಹಾಸಿಗೆ, ಪಾತ್ರೆಗಳ ಖರ್ಚು ಬೇರೆ.

ನನ್ನ ದೃಷ್ಟಿಯಲ್ಲಿ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ನೀರಿನ ವಿಚಾರ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಅನೇಕ ಬಡಾವಣೆಗಳು ಟ್ಯಾಂಕರ್‌ಗೆ ಕಾದು ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಕಾವೇರಿ ಸಂಪರ್ಕವಿದೆಯೇ, ಟ್ಯಾಂಕರ್ ಖರ್ಚು ಯಾರ ಪಾಲಿಗೆ ಎಂಬುದನ್ನು ಮಾಲೀಕರನ್ನಷ್ಟೇ ಅಲ್ಲದೆ ಅಕ್ಕಪಕ್ಕದವರನ್ನೂ ವಿಚಾರಿಸಿ. ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟಿದ್ದರೆ ಅದು ಗಡಸು ನೀರಿನ ಗುರುತು.

ಕರಾರು ಸಾಮಾನ್ಯವಾಗಿ 11 ತಿಂಗಳದ್ದಾಗಿರುತ್ತದೆ. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯಿರುವುದರಿಂದ ಆ ಮೊತ್ತ, ವಾರ್ಷಿಕ ಬಾಡಿಗೆ ಏರಿಕೆ ಮತ್ತು ನೋಟಿಸ್ ಅವಧಿಯನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಗೃಹಜ್ಯೋತಿಗೆ ಅರ್ಜಿ ಹಾಕಲೂ ಕರಾರು ಪತ್ರ ನೆರವಾಗುತ್ತದೆ. ಮನೆಯನ್ನು ಕಣ್ಣಾರೆ ನೋಡದೆ ಯಾರಿಗೂ ಟೋಕನ್ ಹಣ ಕಳುಹಿಸಬೇಡಿ.

ಖಾಲಿ ಮನೆಗಳ ಮಾಹಿತಿ ಹಾಕುವ ಸದಸ್ಯರು ಬಡಾವಣೆ, ಬಾಡಿಗೆ, ಅಡ್ವಾನ್ಸ್ ಮತ್ತು ನೀರಿನ ಮೂಲವನ್ನು ಒಂದೇ ಸಂದೇಶದಲ್ಲಿ ದಯವಿಟ್ಟು ತಿಳಿಸಿ.