ಹಳೆಯ ಲ್ಯಾಪ್‌ಟಾಪ್: ಮೊದಲು ಬಯಾಸ್, ಆಮೇಲೆ ವಿಂಡೋಸ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್ (ಆನ್ ಮಾಡಿದಾಗ ವಿಂಡೋಸ್‌ಗೂ ಮೊದಲು ಓಡುವ, ಒಳಗಿನ ಚಿಪ್‌ನಲ್ಲಿರುವ ತಂತ್ರಾಂಶ) ಅಪ್‌ಡೇಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಲಿದ್ದೇವೆ. ಹೆಸರು ಕೊಟ್ಟವರು ದಯವಿಟ್ಟು ಗಮನಿಸಿ.

ಡ್ರೈವ್ ಪೂರ್ತಿ ಅಳಿಸಿಹೋಗುತ್ತದೆ. ಫೋಟೊ, ಕಡತಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಂಡೇ ಬನ್ನಿ. ಖಾಲಿ ಮಾಡಬಹುದಾದ 8 ಜಿಬಿ ಪೆನ್‌ಡ್ರೈವ್, ಚಾರ್ಜರ್ ಎರಡೂ ಬೇಕು.

ಬಯಾಸ್ ಬರೆಯುವಾಗ ನಡುವೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಮತ್ತೆ ಆನ್ ಆಗದೇ ಹೋಗಬಹುದು. ಅದಕ್ಕೇ ಬ್ಯಾಟರಿ ಕೆಟ್ಟಿದ್ದರೆ ಅಪ್‌ಡೇಟ್ ಬೇಡ, ವಿಂಡೋಸ್ ಮಾತ್ರ ಹಾಕೋಣ. ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಮೊದಲೇ ಸಸ್ಪೆಂಡ್ (ತಾತ್ಕಾಲಿಕವಾಗಿ ನಿಲ್ಲಿಸು) ಮಾಡಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಅಪ್‌ಡೇಟ್ ಆದ ಮೇಲೆ ಕೀ ಕೇಳಿ ಅಲ್ಲೇ ನಿಂತುಬಿಡಬಹುದು.

ತಳಭಾಗದ ಸ್ಟಿಕ್ಕರ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರನ್ನು ಶುಕ್ರವಾರದೊಳಗೆ ಇಲ್ಲೇ ಹಾಕಿ. ಬೇರೆ ಮಾಡೆಲ್‌ನ ಬಯಾಸ್ ಫೈಲ್ ನಡೆಯುವುದಿಲ್ಲ.