ನಮ್ಮ ಬ್ರಷ್, ಬಾಚಣಿಗೆಗಳಿಗೆ ಇನ್ನು ಅರಗಿನ ಬಣ್ಣವಿಲ್ಲ

ಆತ್ಮೀಯ ಗ್ರಾಹಕರೆ,

ಈ ಸಲದ ಸರಕಿನಿಂದ ತಲೆ ಬಾಚುವ ಬ್ರಷ್ ಮತ್ತು ಹಿಡಿ ಇರುವ ಬಾಚಣಿಗೆಗಳಿಗೆ ಅರಗಿನ ಬಣ್ಣ ಹಾಕುವುದನ್ನು ನಿಲ್ಲಿಸಿದ್ದೇವೆ. ಕೆಂಪು, ಹಳದಿ, ಹಸಿರು ಪಟ್ಟೆಗಳ ಹಿಡಿ ಇನ್ನು ಸಿಗುವುದಿಲ್ಲ. ಅದೇ ಆಲೆ ಮರ, ಅದೇ ಅಳತೆ, ಅದೇ ಬೆಲೆ. ಮರದ ಮೇಲೆ ಅಗಸೆ ಎಣ್ಣೆ ಮಾತ್ರ. ಚನ್ನಪಟ್ಟಣದವರಾಗಿ ಅರಗು ಬಿಡುವುದೇ ಅಂತ ನೀವು ಕೇಳುತ್ತೀರಿ, ಕೇಳಲೂಬೇಕು. ಬೊಂಬೆ, ಬಳೆ, ಕುಂಕುಮದ ಭರಣಿಗೆ ಅರಗು ಇದ್ದೇ ಇರುತ್ತದೆ. ಆಗಾಗ ತೊಳೆಯಲೇಬೇಕಾದ ವಸ್ತುವಿಗೆ ಮಾತ್ರ ಬೇಡ ಅನ್ನುವುದು ನಮ್ಮ ತೀರ್ಮಾನ.

ಅರಗು ಹತ್ತುವುದು ಕಾವಿನಿಂದ. ಲೇತ್‌ನಲ್ಲಿ ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅದು ಕರಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ಬರಿಸುತ್ತೇವೆ. ಕಾವಿಗೆ ಹತ್ತಿದ್ದು ಕಾವಿಗೇ ಬಿಡುತ್ತದೆ. ಕುದಿವ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಸ್ಯಾನಿಟೈಸರ್‌ನ ಆಲ್ಕೋಹಾಲಿಗೆ ಕರಗುತ್ತದೆ, ಸೋಡಾ ನೀರಲ್ಲಿ ನೆನೆಸಿದರೆ ಮಂಕಾಗುತ್ತದೆ. ಬಾಚಣಿಗೆ ಶುಚಿ ಮಾಡಲು ಮನೆಗಳಲ್ಲಿ ಏನೇನು ಮಾಡುತ್ತಾರೋ ಅಷ್ಟೂ ಅರಗಿಗೆ ಆಗಿಬರುವುದಿಲ್ಲ. ಬಣ್ಣ ಹೋದೀತೆಂದು ತೊಳೆಯದೇ ಇಟ್ಟುಕೊಂಡ ಗ್ರಾಹಕರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದನ್ನು ಕಂಡು ಗಾಬರಿ ಬೇಡ. ಆದರೆ ಬ್ರಷ್‌ಗೆ ಸುತ್ತಿಕೊಂಡ ಆ ಕೂದಲಿಗೆ ನೆತ್ತಿಯ ಜಿಡ್ಡು, ಹೊಟ್ಟು, ಕೊಬ್ಬರಿ ಎಣ್ಣೆ, ಸೀಗೆಪುಡಿ, ರಸ್ತೆಯ ಧೂಳು ಎಲ್ಲ ಸೇರಿ ಹಲ್ಲಿನ ಬುಡದಲ್ಲಿ ಮೇಣದಂಥ ಬೂದು ಪದರ ಕಟ್ಟುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಮಡಿಕೇರಿ, ಚಿಕ್ಕಮಗಳೂರು ಕಡೆ ಚಳಿಗಾಲದಲ್ಲಿ ಈ ಪದರ ಮತ್ತೂ ಬಿಗಿ. ತಲೆಗೆ ಸ್ನಾನ ಮಾಡಿ ಬಂದು ಅದೇ ಬ್ರಷ್ ಹಿಡಿದರೆ ಕೊಳೆ ವಾಪಸ್ ತಲೆಗೇ.

ವಾರಕ್ಕೊಮ್ಮೆ ತೊಳೆದರೆ ಸಾಕು. ಮೊದಲು ಒಣ ಬ್ರಷ್‌ನಿಂದಲೇ ಕೂದಲು ತೆಗೆಯಿರಿ. ಸಿಕ್ಕು ಬಿಗಿಯಾಗಿದ್ದರೆ ಬಾಚಣಿಗೆಯ ಬಾಲದಿಂದ ಎತ್ತಿ ಕತ್ತರಿ ಹಾಕಿ. ಒಂದು ಮಗ್ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಶಾಂಪೂ ಬಿಟ್ಟು, ಹಳೆಯ ಟೂತ್‌ಬ್ರಷ್ ಅದ್ದಿ ಹಲ್ಲಿನ ಬುಡ ಉಜ್ಜಿ. ಬಾಚಣಿಗೆಯ ಸಂದಿಗೆ ನಮ್ಮ ಅಜ್ಜಿಯರ ಉಪಾಯವನ್ನು ಮೀರಿಸಿದ್ದಿಲ್ಲ: ದಪ್ಪ ಹೊಲಿಗೆ ದಾರವನ್ನು ಎರಡೂ ಕೈಲಿ ಹಿಡಿದು ಹಲ್ಲು ಹಲ್ಲಿನ ನಡುವೆ ಎಳೆಯುವುದು. ಕಪ್ಪು ಮಸಿ ದಾರಕ್ಕೆ ಬರುತ್ತದೆ.

ಮೆತ್ತೆ ಇರುವ ಬ್ರಷ್ ಅನ್ನು ಮಾತ್ರ ಪೂರ್ತಿ ಮುಳುಗಿಸಬೇಡಿ. ರಬ್ಬರ್ ಮೆತ್ತೆಯಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಅದರೊಳಗೆ ನುಗ್ಗಿದ ನೀರು ಸುಲಭಕ್ಕೆ ಹೊರಬರುವುದಿಲ್ಲ, ಒಳಗೇ ಬೂಸ್ಟು ಹಿಡಿಯುತ್ತದೆ. ತೊಳೆದ ಮೇಲೆ ಟವೆಲ್ ಹಾಸಿ, ಹಲ್ಲು ಕೆಳಮುಖವಾಗಿಟ್ಟು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಮರ ಬಿರಿಯುತ್ತದೆ. ಹೊಳಪಿಗೆಂದು ಹಿಡಿಗೆ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ, ಅದು ಬೇಡ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರು ಕೇಳುವ ಮೊದಲ ಪ್ರಶ್ನೆ ಹೇನಿನದು. ಅದಕ್ಕೆ ನಮ್ಮ ಮರದ ಬಾಚಣಿಗೆ ಬಳಸಬೇಡಿ ಎಂದೇ ಹೇಳುತ್ತೇವೆ, ವ್ಯಾಪಾರಕ್ಕೆ ನಷ್ಟವಾದರೂ ಸರಿ. ಹೇನು, ಸೀರು ತೆಗೆಯಲು ಸ್ಟೀಲಿನ ಹೇನು ಬಾಚಣಿಗೆ ಇಟ್ಟುಕೊಳ್ಳಿ. 55 ಡಿಗ್ರಿಗಿಂತ ಬಿಸಿಯಾದ ನೀರಲ್ಲಿ 5ರಿಂದ 10 ನಿಮಿಷ ನೆನೆಸಿದರೆ ಅದು ಶುದ್ಧ. ಮರಕ್ಕೆ, ಎಣ್ಣೆ ಹಚ್ಚಿದ್ದಾದರೂ, ಅಷ್ಟು ಬಿಸಿ ತಡೆಯದು. ಉಬ್ಬಿ ಹಲ್ಲು ಸೊಟ್ಟಗಾಗುತ್ತದೆ. ಹೇನಿರುವ ತಲೆಗೆ ಮರದ್ದನ್ನು ಬಳಸಿಬಿಟ್ಟಿದ್ದರೆ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಪಕ್ಕಕ್ಕಿಡಿ. ತಲೆ ಬಿಟ್ಟ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಬಣ್ಣ ಬಿಟ್ಟ ಹಳೆಯ ಹಿಡಿಗಳನ್ನು ದೀಪಾವಳಿಯವರೆಗೆ ಅಂಚೆಯಲ್ಲಿ ಕಳಿಸಬಹುದು. ಅರಗು ಕೆರೆದು, ಮರಳು ಕಾಗದ ಹಾಕಿ, ಎಣ್ಣೆ ಹಚ್ಚಿ ಕೊಡುತ್ತೇವೆ. ಕೂಲಿ ಇಲ್ಲ, ಅಂಚೆ ಖರ್ಚು ನಿಮ್ಮದು. ಮೆತ್ತೆಯೊಳಗೆ ಬೂಸ್ಟು ಬಂದ ಬ್ರಷ್ ರಿಪೇರಿಯಾಗುವುದಿಲ್ಲ, ಕಳಿಸಬೇಡಿ. ಕಳಿಸುವುದನ್ನು ಕೂದಲು ತೆಗೆದು, ತೊಳೆದು, ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಬಿಟ್ಟು ಕಾಗದದಲ್ಲೇ ಸುತ್ತಿ. ಪೊಟ್ಟಣ ಬಿಚ್ಚಿ ಕೆಲಸ ಮಾಡುವ ಹೆಂಗಸರು ವಿಶೇಷವಾಗಿ ಕೇಳಿಕೊಂಡಿದ್ದಾರೆ.

ಇಂತಿ,
ಸಹಕಾರ ಸಂಘದ ಪರವಾಗಿ, ಮಾರಾಟ ವಿಭಾಗ, ಚನ್ನಪಟ್ಟಣ